ಬಳ್ಳಾರಿಯ ಜೀನ್ಸ್ ಅಂಗಡಿಗೆ ಆರ್‌ಎಫ್‌ಐಡಿ ಟ್ಯಾಗ್ ಬೇಕೇ, ಬಾರ್‌ಕೋಡ್ ಸಾಲದೇ?

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸಿ ಮಾರುವವರಿಗೆ ದೊಡ್ಡ ತಲೆನೋವು ದಾಸ್ತಾನಿನ ಎಣಿಕೆ; ಆರ್‌ಎಫ್‌ಐಡಿ (ಸಣ್ಣ ಚಿಪ್ ಇರುವ ಟ್ಯಾಗನ್ನು ರೇಡಿಯೊ ಅಲೆಯಿಂದ ಓದುವ ವಿಧಾನ) ನೆರವಾಗುವುದು ಅಲ್ಲಿಯೇ. ಬಾರ್‌ಕೋಡನ್ನು ಒಂದೊಂದಾಗಿ ರೀಡರ್‌ಗೆ ತೋರಿಸಬೇಕು. ಮೇಲಾಗಿ ಒಂದೇ ಅಳತೆಯ, ಒಂದೇ ಬಣ್ಣದ ಪ್ಯಾಂಟ್‌ಗಳಿಗೆಲ್ಲ ಸಾಮಾನ್ಯವಾಗಿ ಒಂದೇ ಕೋಡ್. ಆರ್‌ಎಫ್‌ಐಡಿಯಲ್ಲಿ ಪ್ರತಿ ಪ್ಯಾಂಟಿಗೂ ಅದರದೇ ಸಂಖ್ಯೆ ಕೊಡಬಹುದು. ಬಟ್ಟೆಗೆ ಹಾಕುವ ಟ್ಯಾಗ್‌ಗೆ ಬ್ಯಾಟರಿಯೂ ಬೇಡ: ರೀಡರ್ ಹೊಮ್ಮಿಸುವ ರೇಡಿಯೊ ಅಲೆಯಿಂದಲೇ (ಭಾರತದಲ್ಲಿ 865 ಮೆಗಾಹರ್ಟ್ಸ್ ಆಸುಪಾಸು) ಶಕ್ತಿ ಪಡೆದು ಚಿಪ್ ಉತ್ತರಿಸುತ್ತದೆ. ಕಟ್ಟು ಬಿಚ್ಚದೆಯೇ, ಕೆಲವು ಮೀಟರ್ ದೂರದಿಂದ, ನೂರಾರು ಪ್ಯಾಂಟ್‌ಗಳನ್ನು ಬೇಗನೆ ಎಣಿಸಬಹುದು.

ಆದರೆ ಲೋಹ ಇದಕ್ಕೆ ಶತ್ರು. ಕಬ್ಬಿಣದ ಕಪಾಟು, ಲೋಹದ ಗುಂಡಿಗಳಿಂದ ಟ್ಯಾಗ್ ದೂರವಿರಲಿ. ಒಂದೆರಡು ಕಪಾಟುಗಳ ಅಂಗಡಿಗೆ ಬಾರ್‌ಕೋಡ್ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಗೋದಾಮು, ಹಲವು ಶಾಖೆಗಳಿರುವವರು ಮಾತ್ರ ಆರ್‌ಎಫ್‌ಐಡಿ ರೀಡರ್‌ನ ಬೆಲೆ ವಿಚಾರಿಸಿ.