ಎರಡು ಕಾಲೇಜು ನೋಡಿ ಬಂದೆ, ಆಪ್ಶನ್ ಎಂಟ್ರಿಯಲ್ಲಿ ಯಾವುದನ್ನು ಮೊದಲು ಹಾಕಲಿ?

ಕೊಪ್ಪಳದಿಂದ ಭಾನುವಾರ ಹೋಗಿ, ಪ್ರವೇಶ ವಿಭಾಗದವರು ತೋರಿಸಿದಂತೆ ಎರಡು ಇಂಜಿನಿಯರಿಂಗ್ ಕಾಲೇಜು ನೋಡಿ ಬಂದಿದ್ದೀರಿ. ಒಂದು ಮನಸ್ಸಿಗೆ ಹಿಡಿಸಿದೆ, ಇನ್ನೊಂದು ಹಳೆಯ ಗೋದಾಮಿನಂತೆ ಕಂಡಿದೆ. ಸೀಟಿಗಾಗಿ ಬೇಕಾದ ಕಾಲೇಜುಗಳನ್ನು ಕ್ರಮವಾಗಿ ಬರೆದು ಕೊಡುವ ಆಪ್ಶನ್ ಎಂಟ್ರಿಯಲ್ಲಿ ಹಿಡಿಸಿದ್ದನ್ನೇ ಮೊದಲ ಆಯ್ಕೆಯಾಗಿ ಹಾಕಬಹುದೇ ಎಂದು ಕೇಳಿದ್ದೀರಿ. ಗೋದಾಮು ಎಂಬ ಮಾತು ಓದಿ ನನಗೆ ನಗು ಬಂತು, ಏಕೆಂದರೆ 2016ರಲ್ಲಿ ಮನೆಗೆ ಬಂದು ಅಪ್ಪನ ಮುಂದೆ ನಾನು ಹೇಳಿದ ಮಾತೂ ಅದೇ ಆಗಿತ್ತು.

ನಮ್ಮೂರು ಸಿಂಧನೂರು ತಾಲ್ಲೂಕಿನಲ್ಲಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿಗೆ ಭತ್ತ ಬೆಳೆಯುವ ಮನೆ ನಮ್ಮದು. ಇಂಜಿನಿಯರಿಂಗ್ ಕಾಲೇಜಿನೊಳಗೆ ಕಾಲಿಟ್ಟವರು ನಮ್ಮಲ್ಲಿ ಅಲ್ಲಿಯವರೆಗೆ ಯಾರೂ ಇರಲಿಲ್ಲ. ಸಿಇಟಿ (ಸಾಮಾನ್ಯ ಪ್ರವೇಶ ಪರೀಕ್ಷೆ) ಬರೆದು ಮುಗಿಸಿ, ಇನ್ನೂ ರ‍್ಯಾಂಕ್ ಬರುವ ಮೊದಲು, ಮೇ ತಿಂಗಳ ಕೊನೆಯ ವಾರದಲ್ಲಿ ಸೋದರಮಾವನನ್ನು ಕರೆದುಕೊಂಡು ಎರಡು ದಿನಗಳಲ್ಲಿ ಎರಡು ಕಾಲೇಜು ನೋಡಿದೆ. ಮಾವ ಟ್ರ್ಯಾಕ್ಟರ್ ರಿಪೇರಿ ಮಾಡುವವರು. ನಾನು ಮೆಕ್ಯಾನಿಕಲ್ ಓದಬೇಕೆಂದು ಹಟ ಹಿಡಿದದ್ದಕ್ಕೆ ಅವರ ಶೆಡ್ಡೇ ಕಾರಣ.

ಮೊದಲ ದಿನ ನೋಡಿದ್ದು ಖಾಸಗಿ ಕಾಲೇಜು. ಗೇಟಿನಿಂದ ಕಟ್ಟಡದವರೆಗೆ ಎರಡೂ ಬದಿಗೆ ಮರ, ಮಧ್ಯೆ ಹುಲ್ಲುಹಾಸು. ಪ್ರವೇಶ ವಿಭಾಗದವರು ನಮ್ಮನ್ನು ಎ.ಸಿ. ಕೋಣೆಯಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟರು. ನಮ್ಮ ಕಡೆಯ ಮೇ ಬಿಸಿಲಿನಲ್ಲಿ ಮೂರು ತಾಸು ಬಸ್ಸಿನಲ್ಲಿ ಬಂದವರಿಗೆ ತಣ್ಣನೆಯ ಕೋಣೆ, ತಣ್ಣನೆಯ ಮಜ್ಜಿಗೆ ಸಿಕ್ಕರೆ ಯಾವ ಕಾಲೇಜಾದರೂ ಚೆನ್ನಾಗಿಯೇ ಕಾಣುತ್ತದೆ. ಆಮೇಲೆ ಸೆಮಿನಾರ್ ಹಾಲ್, ಗ್ರಂಥಾಲಯ, ಕೊನೆಗೆ ಮೆಕ್ಯಾನಿಕಲ್ ವಿಭಾಗದ ಮಷೀನ್ ಶಾಪ್ ತೋರಿಸಿದರು. ಎಂಟು ಲೇತ್‌ಗಳು (ಕಬ್ಬಿಣ ಕಡೆಯುವ ಯಂತ್ರಗಳು) ಒಂದೇ ಸಾಲಿನಲ್ಲಿ ನಿಂತಿದ್ದವು. ಪ್ರತಿಯೊಂದಕ್ಕೂ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಲಾಗಿತ್ತು. ನೆಲದಲ್ಲಿ ನಮ್ಮ ಮುಖ ಕಾಣುವಷ್ಟು ಹೊಳಪಿತ್ತು. ನಾನು ಬೆರಗಾಗಿ ನಿಂತಿದ್ದಾಗ ಮಾವ ಒಂದು ಲೇತ್‌ನ ಪ್ಲಾಸ್ಟಿಕ್ ಅಂಚನ್ನು ಎತ್ತಿ, ಕಬ್ಬಿಣದ ತುಂಡನ್ನು ಹಿಡಿದು ತಿರುಗಿಸುವ ಚಕ್ಕಿನ ಮೇಲೆ ಬೆರಳಾಡಿಸಿ, ಬೆರಳಿಗೆ ಅಂಟಿದ ಹಳದಿ ಗ್ರೀಸನ್ನು ಮೂಸಿ ನೋಡಿದರು. ಹೊರಗೆ ಬಂದ ಮೇಲೆ, "ಇಷ್ಟು ದೊಡ್ಡ ಶಾಪ್‌ನ್ಯಾಗ ಎಣ್ಣಿ ವಾಸನೀನ ಇಲ್ಲಲ್ಲೋ ತಮ್ಮಾ" ಎಂದರು. ಟ್ರ್ಯಾಕ್ಟರ್ ಮೆಕ್ಯಾನಿಕ್‌ಗೆ ಕಾಲೇಜಿನ ವಿಷಯ ಏನು ತಿಳಿದೀತು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಮಾವ ಇಂದಿಗೂ ಅದನ್ನು ಎತ್ತಿ ಆಡಿಲ್ಲ. ಅದು ಅವರ ದೊಡ್ಡತನ.

ಮರುದಿನ ನೋಡಿದ್ದು ಸರ್ಕಾರಿ ಕಾಲೇಜು. ನಮ್ಮನ್ನು ಯಾರೂ ಕೂರಿಸಲಿಲ್ಲ, ಯಾರೂ ತೋರಿಸಲಿಲ್ಲ. ಕಚೇರಿಯ ಗುಮಾಸ್ತರು ತಲೆ ಎತ್ತದೆ, ನೀವೇ ಹೋಗಿ ನೋಡಿಕೊಂಡು ಬನ್ನಿ ಎಂದರು. ಗೋಡೆಗೆ ಸುಣ್ಣ ಕಂಡು ವರ್ಷಗಳಾಗಿದ್ದವು. ಮಷೀನ್ ಶಾಪ್ ಅಂದರೆ ತಗಡಿನ ಮಾಡಿನ ಕೆಳಗೆ ಐದು ಹಳೆಯ ಲೇತ್‌ಗಳು. ನೆಲವೆಲ್ಲ ಜಿಡ್ಡು, ಕಾಲಿಟ್ಟಲ್ಲೆಲ್ಲ ಕಬ್ಬಿಣದ ಸುರುಳಿ ಚೂರು, ಸುಟ್ಟ ಎಣ್ಣೆಯ ವಾಸನೆ, ಕಿವಿಗಡಚಿಕ್ಕುವ ಸದ್ದು. ಪ್ರಾಯೋಗಿಕ ಪರೀಕ್ಷೆ ಹತ್ತಿರ ಬಂದಿದ್ದರಿಂದ ಹುಡುಗರು ಅಭ್ಯಾಸ ಮಾಡುತ್ತಿದ್ದರು. ನಾನು ಹತ್ತಿರ ಹೋದಾಗ ಒಬ್ಬ ಹುಡುಗ ಮೊಣಕೈಯಿಂದಲೇ ನನ್ನನ್ನು ತಳ್ಳಿ, "ಅತ್ಲಾಗ ಸರಿ, ಬಿಸಿ ಚೂರು ಸಿಡೀತಾವ" ಎಂದು ಗದರಿದ. ಎಷ್ಟು ಒರಟು ಜನ ಅನ್ನಿಸಿತು. ನನ್ನ ಬಿಳಿ ಅಂಗಿಗೆ ಎಣ್ಣೆಯ ಕಲೆ ಬಿದ್ದಿತ್ತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಉಜ್ಜುತ್ತ ಬಂದೆ.

ಆಪ್ಶನ್ ಎಂಟ್ರಿಯಲ್ಲಿ ಖಾಸಗಿ ಕಾಲೇಜಿನ ಮೆಕ್ಯಾನಿಕಲ್ ಅನ್ನು ಒಂದನೆಯದಾಗಿ, ಸರ್ಕಾರಿ ಕಾಲೇಜಿನದನ್ನು ನಾಲ್ಕನೆಯದಾಗಿ ಹಾಕಿದೆ. ಅಣಕು ಸೀಟು ಹಂಚಿಕೆಯಲ್ಲಿ ಒಂದನೆಯದೇ ಬಂತು. ಆಗಲೂ ಕ್ರಮ ಬದಲಾಯಿಸಲು ಅವಕಾಶವಿತ್ತು, ನಾನು ಬದಲಾಯಿಸಲಿಲ್ಲ. ನಿಜವಾದ ಸುತ್ತಿನಲ್ಲೂ ಅದೇ ಬಂದಾಗ ಖುಷಿಯಿಂದ, ಸೀಟು ಒಪ್ಪಿ ಸೇರುತ್ತೇನೆ ಎನ್ನುವ ಚಾಯ್ಸ್-1 ಒತ್ತಿ, ಶುಲ್ಕ ಕಟ್ಟಿ, ಹೋಗಿ ಸೇರಿಕೊಂಡೆ. ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕಂಪ್ಯೂಟರ್ ನಿಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದುತ್ತದೆ. ನಿಮ್ಮ ರ‍್ಯಾಂಕಿಗೆ ಸಿಗುವ ಮೊದಲ ಸೀಟನ್ನು ಕೊಟ್ಟು ಅಲ್ಲಿಗೇ ನಿಲ್ಲುತ್ತದೆ, ಅದರ ಕೆಳಗೆ ನೀವು ಏನು ಬರೆದಿದ್ದೀರಿ ಎಂಬುದು ಅದಕ್ಕೆ ಬೇಕಿಲ್ಲ. ನನಗಿಂತ ಹಿಂದಿನ ರ‍್ಯಾಂಕಿನ ಗೆಳೆಯನೊಬ್ಬನಿಗೆ, ನನ್ನಂತೆಯೇ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ, ಆ ಸರ್ಕಾರಿ ಕಾಲೇಜಿನಲ್ಲಿ ಮೆಕ್ಯಾನಿಕಲ್ ಸೀಟು ಸಿಕ್ಕಿತು. ಅಂದರೆ ನಾನು ಅದನ್ನು ಮೇಲೆ ಹಾಕಿದ್ದರೆ ನನಗೂ ಸಿಗುತ್ತಿತ್ತು. ಅವನು ಕಟ್ಟಿದ್ದರ ಸುಮಾರು ಮೂರು ಪಟ್ಟು ಶುಲ್ಕವನ್ನು ನಾನು ವರ್ಷ ವರ್ಷವೂ ಕಟ್ಟಿದೆ.

ಈಗ ನನ್ನ ತಪ್ಪು ಯಾವುದು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದನ್ನು ಹೇಳಿದಾಗಲೆಲ್ಲ ಜನ ಬೇರೆಯದನ್ನೇ ತಪ್ಪೆಂದು ತಿಳಿಯುತ್ತಾರೆ. ಖಾಸಗಿ ಕಾಲೇಜು ಆರಿಸಿದ್ದು ತಪ್ಪಲ್ಲ. ಒಳ್ಳೆಯ ಖಾಸಗಿ ಕಾಲೇಜುಗಳೂ ಇವೆ, ಇಲಿ ಓಡಾಡುವ ಸರ್ಕಾರಿ ಪ್ರಯೋಗಾಲಯಗಳೂ ಇವೆ. ಮರ, ಹುಲ್ಲು, ಎ.ಸಿ. ಮೆಚ್ಚಿದ್ದೂ ತಪ್ಪಲ್ಲ, ಹದಿನೆಂಟರ ಹುಡುಗ ಮೆಚ್ಚದೆ ಇನ್ನೇನು ಮಾಡುತ್ತಾನೆ? ಆ ಪ್ಲಾಸ್ಟಿಕ್ ಹೊದಿಕೆಯನ್ನು ನಾನು ತಪ್ಪಾಗಿ ಓದಿದೆ. ಯಂತ್ರ ಹೊಸದು, ಆದ್ದರಿಂದ ಹೊದಿಸಿದ್ದಾರೆ ಎಂದುಕೊಂಡೆ. ಆದರೆ ಎರಡೂ ಕಾಲೇಜುಗಳು ಬೆಳಗಾವಿಯ ಒಂದೇ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದವು, ಪಠ್ಯಕ್ರಮ ಒಂದೇ, ಪ್ರಾಯೋಗಿಕ ಪರೀಕ್ಷೆಯ ಕಾಲವೂ ಹೆಚ್ಚುಕಡಿಮೆ ಒಂದೇ. ಒಂದು ಕಡೆ ಆ ಪರೀಕ್ಷೆಗಾಗಿ ಹುಡುಗರು ಬೆವರು ಸುರಿಸಿ ಕಬ್ಬಿಣ ಕಡೆಯುತ್ತಿರುವಾಗ, ಇನ್ನೊಂದು ಕಡೆ ಅದೇ ವಾರ ಎಂಟು ಲೇತ್‌ಗಳು ಹೊದ್ದು ಮಲಗಿದ್ದವು. ಹಾಗಾದರೆ ಅಲ್ಲಿಯ ಹುಡುಗರು ಯಾವುದರ ಮೇಲೆ ಅಭ್ಯಾಸ ಮಾಡುತ್ತಿದ್ದಾರೆ? ಈ ಒಂದು ಪ್ರಶ್ನೆ ನನಗೆ ಹೊಳೆದಿದ್ದರೆ ಸಾಕಿತ್ತು. ಮಾವನಿಗೆ ಹೊಳೆದಿತ್ತು. ಅವರ ಬೆರಳಿಗೆ ಅಂಟಿದ್ದು ತುಕ್ಕು ಹಿಡಿಯದಿರಲೆಂದು ಕಾರ್ಖಾನೆಯಲ್ಲಿ ಹಚ್ಚಿ ಕಳಿಸುವ ಗ್ರೀಸು. ಯಂತ್ರವನ್ನು ಒಂದು ದಿನ ಓಡಿಸಿದ್ದರೂ ಅದು ಅಲ್ಲಿ ಉಳಿಯುತ್ತಿರಲಿಲ್ಲ. ಎರಡು ದಿನಗಳಲ್ಲಿ ಎರಡೂ ಕಡೆ ನನ್ನ ಕಣ್ಣಿಗೆ ಬಿದ್ದದ್ದು ಸತ್ಯವೇ ಆಗಿತ್ತು; ಒಳ್ಳೆಯದನ್ನು ಕೆಟ್ಟದ್ದೆಂದೂ ಕೆಟ್ಟದ್ದನ್ನು ಒಳ್ಳೆಯದೆಂದೂ ಬರೆದುಕೊಂಡು ಬಂದೆ.

ಎರಡನೆಯ ವರ್ಷ ಮಷೀನ್ ಶಾಪ್ ಪ್ರಯೋಗಾಲಯ ಬಂದಾಗ ಎಲ್ಲವೂ ತಿಳಿಯಿತು. ಎಂಟರಲ್ಲಿ ಎರಡಕ್ಕೆ ಮಾತ್ರ ವಿದ್ಯುತ್ ಸಂಪರ್ಕವಿತ್ತು. ಉಳಿದವು ಸಂಯೋಜನೆಯ (ಅಫಿಲಿಯೇಶನ್) ತಪಾಸಣೆಗೆ ವಿಶ್ವವಿದ್ಯಾಲಯದ ಸಮಿತಿ ಬಂದಾಗ ಎಣಿಸಿ ತೋರಿಸುವುದಕ್ಕಾಗಿ ಇದ್ದವು. ಆ ದಿನ ಪ್ಲಾಸ್ಟಿಕ್ ತೆಗೆದು, ಮರುದಿನ ಮತ್ತೆ ಹೊದಿಸುತ್ತಿದ್ದರು. ಲ್ಯಾಬ್ ಇನ್‌ಸ್ಟ್ರಕ್ಟರ್ ಕೆಲಸ ಬಿಟ್ಟು ಹೋದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಇಪ್ಪತ್ತು ಹುಡುಗರ ಒಂದು ಬ್ಯಾಚ್ ಒಂದು ಲೇತ್‌ನ ಸುತ್ತ ನಿಂತು, ಮೇಷ್ಟ್ರು ಮಾಡುವುದನ್ನು ಭುಜಗಳ ನಡುವಿನಿಂದ ಇಣುಕಿ ನೋಡಿ, ಹಿಂದಿನ ವರ್ಷದವರ ರೆಕಾರ್ಡ್ (ಪ್ರಯೋಗಗಳನ್ನು ಬರೆದಿಡುವ ಪುಸ್ತಕ) ನೋಡಿ ಬರೆದು ಅಂಕ ಪಡೆದೆವು. ನನಗೆ 80ರಲ್ಲಿ 71 ಅಂಕ ಬಂದವು. ಹ್ಯಾಂಡಲ್ ಹಿಡಿದದ್ದು ಒಟ್ಟು ಎರಡು ಸಲ.

ಇದರ ಲೆಕ್ಕ ಚುಕ್ತಾ ಆದದ್ದು 2021ರಲ್ಲಿ. ಬಳ್ಳಾರಿ ಸಮೀಪದ ಕಾರ್ಖಾನೆಯೊಂದರ ನಿರ್ವಹಣಾ ವಿಭಾಗಕ್ಕೆ ಸಂದರ್ಶನಕ್ಕೆ ಹೋಗಿದ್ದೆ. ಪ್ರಶ್ನೆಗಳಿಗೆ ಚೆನ್ನಾಗಿಯೇ ಉತ್ತರಿಸಿದೆ. ಆಮೇಲೆ ಹಿರಿಯರೊಬ್ಬರು ವರ್ಕ್‌ಶಾಪಿಗೆ ಕರೆದೊಯ್ದು, ಒಂದು ಸರಳಿನ ಮೇಲೆ ಥ್ರೆಡ್, ಅಂದರೆ ತಿರುಪಿನ ಸುತ್ತುಗೆರೆ, ಹಾಕಿ ತೋರಿಸಿ ಎಂದರು. ಲೇತ್‌ನಲ್ಲಿ ಥ್ರೆಡ್ ಹಾಕುವಾಗ ಹಾಫ್ ನಟ್ಟಿನ ಹಿಡಿಕೆಯನ್ನು ಒತ್ತಿದರೆ ಟೂಲು ಲೀಡ್ ಸ್ಕ್ರೂ ಎಂಬ ಉದ್ದನೆಯ ತಿರುಪು ಹಿಡಿದು ತಾನಾಗಿ ಚಕ್ಕಿನ ಕಡೆಗೆ ಓಡುತ್ತದೆ. ಥ್ರೆಡ್ ಮುಗಿಯುವ ಜಾಗ ಬಂದ ಕೂಡಲೇ ಒಂದು ಕೈಯಿಂದ ಟೂಲನ್ನು ಹೊರಗೆಳೆದು ಇನ್ನೊಂದು ಕೈಯಿಂದ ಹಿಡಿಕೆ ಬಿಡಿಸಬೇಕು. ವಿಷಯವೆಲ್ಲ ನನಗೆ ಬಾಯಿಪಾಠವಾಗಿತ್ತು. ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದಿದ್ದೆ. ಆದರೆ ಕೈಗೆ ಅದು ಗೊತ್ತಿರಲಿಲ್ಲ. ನಾನು ಯಾವ ಹಿಡಿಕೆ ಎಂದು ಕಣ್ಣಿನಿಂದ ಹುಡುಕುವಷ್ಟರಲ್ಲಿ ಟೂಲು ಸರಳಿನ ದಪ್ಪ ಭಾಗಕ್ಕೆ ಬಡಿದು ತುಂಡಾಗಿ ಹಾರಿತು. ಅವರು ಬೈಯಲಿಲ್ಲ. ಯಂತ್ರ ನಿಲ್ಲಿಸಿ, "ನಾಲ್ಕು ವರ್ಷ ಏನ್ ಮಾಡಿದ್ರಿ?" ಎಂದಷ್ಟೇ ಕೇಳಿದರು.

ಅದಾದ ಮೇಲೆ ಗಂಗಾವತಿಯ ಒಂದು ಲೇತ್ ಅಂಗಡಿಯಲ್ಲಿ ಹದಿನಾಲ್ಕು ತಿಂಗಳು ಕೆಲಸ ಕಲಿತೆ. ಸುತ್ತಲಿನ ಅಕ್ಕಿ ಗಿರಣಿಗಳ ಸವೆದ ಶಾಫ್ಟ್‌ಗಳು ಅಲ್ಲಿಗೆ ರಿಪೇರಿಗೆ ಬರುತ್ತಿದ್ದವು. ಐಟಿಐ ಮುಗಿಸಿದ, ನನಗಿಂತ ಎರಡು ವರ್ಷ ಚಿಕ್ಕ ಹುಡುಗ ನನಗೆ ಟೂಲು ಸಾಣೆ ಹಿಡಿಯುವುದನ್ನು ಕಲಿಸಿದ. ಈಗ ನಾನು ಅಕ್ಕಿ ಗಿರಣಿಗಳ ಯಂತ್ರಗಳ ನಿರ್ವಹಣೆಯನ್ನೇ ನೋಡಿಕೊಳ್ಳುತ್ತೇನೆ, ಚೆನ್ನಾಗಿಯೇ ಇದ್ದೇನೆ. ಆದರೆ ಆ ಹದಿನಾಲ್ಕು ತಿಂಗಳನ್ನು ನಾನು ಕಾಲೇಜಿನೊಳಗೇ ಕಳೆಯಬೇಕಿತ್ತು, ಅದಕ್ಕೆಂದೇ ಅಪ್ಪ ಸಾಲ ಮಾಡಿ ಶುಲ್ಕ ಕಟ್ಟಿದ್ದರು.

ಇನ್ನು ನಿಮ್ಮ ಪ್ರಶ್ನೆ. ನೀವು ಕ್ಯಾಂಪಸ್ ನೋಡಿ ಬಂದಿದ್ದೇನೆ ಎಂದು ಬರೆದಿದ್ದೀರಿ, ನಾನು ಒಪ್ಪುವುದಿಲ್ಲ. ನೀವು ನೋಡಿರುವುದು ಪ್ರವೇಶ ವಿಭಾಗದವರು ನಡೆಸಿಕೊಟ್ಟ ಒಂದು ಮೆರವಣಿಗೆಯನ್ನು, ಅದೂ ಭಾನುವಾರ. ಆದ್ದರಿಂದ ಕ್ಯಾಂಪಸ್ಸಿಗೆ ಎಷ್ಟು ಮಹತ್ವ ಕೊಡಬೇಕು, ಶಾಖೆಗೆ ಎಷ್ಟು, ಪ್ಲೇಸ್‌ಮೆಂಟಿಗೆ ಎಷ್ಟು ಎಂದು ತೂಗುವ ಕೆಲಸಕ್ಕೆ ನಾನು ಕೈಹಾಕುವುದಿಲ್ಲ. ತಕ್ಕಡಿಯಲ್ಲಿ ಹಾಕಲು ನಿಮ್ಮ ಬಳಿ ಇನ್ನೂ ಸರಕೇ ಇಲ್ಲ. ಎರಡೂ ಕಡೆ ಇನ್ನೊಮ್ಮೆ ಹೋಗಿ. ಕೆಲಸದ ದಿನ ಮಧ್ಯಾಹ್ನ ಎರಡರ ಮೇಲೆ, ಪ್ರಯೋಗಾಲಯದ ತರಗತಿ ನಡೆಯುವ ಹೊತ್ತಿಗೆ, ಫೋನ್ ಮಾಡದೆ ಹೋಗಿ. ತಡೆದರೆ ಗೇಟಿನ ಹೊರಗೇ ನಿಲ್ಲಿ. ಅಲ್ಲಿ ಒಗ್ಗರಣೆ-ಮಿರ್ಚಿ ಮಾರುವ ಗಾಡಿ ಇದ್ದೇ ಇರುತ್ತದೆ, ಒಂದು ಜೆರಾಕ್ಸ್ ಅಂಗಡಿಯೂ ಇರುತ್ತದೆ. ಮೂರನೆಯ ವರ್ಷದ ಹುಡುಗ ಹುಡುಗಿಯರನ್ನು ಮಾತನಾಡಿಸಿ. ಕಾಲೇಜು ಹೇಗಿದೆ ಎಂದು ಕೇಳಿದರೆ ಎಲ್ಲರೂ ಪರವಾಗಿಲ್ಲ ಎನ್ನುತ್ತಾರೆ. ಕಳೆದ ವಾರ ಲ್ಯಾಬಿನಲ್ಲಿ ನಿಮ್ಮ ಕೈಯಿಂದ ಏನು ಮಾಡಿದಿರಿ ಎಂದು ಕೇಳಿ. ನಿಜವಾಗಿ ಮಾಡಿದವರು ಕೂಡಲೇ ಹೇಳುತ್ತಾರೆ, ಮಾಡದವರು ನಗುತ್ತಾರೆ. ರೆಕಾರ್ಡ್ ಎಲ್ಲಿ ಸಿಗುತ್ತದೆ ಎಂದು ಜೆರಾಕ್ಸ್ ಅಂಗಡಿಯವರನ್ನೂ ಕೇಳಿ. ಬರೆದು ಮುಗಿಸಿದ ಹಳೆಯ ರೆಕಾರ್ಡಿನ ನಕಲು ಅಲ್ಲೇ ಮಾರಾಟಕ್ಕಿದ್ದರೆ ಒಳಗಿನ ಕತೆ ನಿಮಗೆ ಅರ್ಥವಾಗುತ್ತದೆ.

ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳುತ್ತೇನೆ. ಹತ್ತಿರದವೆಂದು ಎರಡೇ ಕಾಲೇಜು ನೋಡಿದ್ದೀರಿ. ನಿಮ್ಮ ಬಳಿ 371(ಜೆ) ಪ್ರಮಾಣಪತ್ರವಿದ್ದರೆ ನಮ್ಮ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ 70 ಶೇಕಡಾ ಸೀಟು ಸ್ಥಳೀಯರಿಗಿದೆ. ಅದು ಎಲ್ಲರಿಗೂ ಗೊತ್ತು. ಹೊರಗಿನ ಜಿಲ್ಲೆಗಳಲ್ಲೂ 8 ಶೇಕಡಾ ಮೀಸಲಿದೆ ಎಂಬುದನ್ನು ನಮ್ಮವರು ಮರೆತೇಬಿಡುತ್ತಾರೆ. ಮೈಸೂರು, ಬೆಂಗಳೂರು, ಹುಬ್ಬಳ್ಳಿಯ ಕಾಲೇಜುಗಳನ್ನು ನೋಡಲು ಹೋಗುವ ಶಕ್ತಿ ಇಲ್ಲದಿದ್ದರೂ ಪಟ್ಟಿಯಲ್ಲಿ ಬರೆಯಲು ಹೆಚ್ಚಿನ ದುಡ್ಡು ಬೇಕಿಲ್ಲ. ಪ್ರಮಾಣಪತ್ರ ಸಹಾಯಕ ಆಯುಕ್ತರ ಕಚೇರಿಯಿಂದ ಬರಬೇಕು, ತಡವಾಗುತ್ತದೆ. ಇನ್ನೂ ಮಾಡಿಸಿಲ್ಲವಾದರೆ ನಾಳೆಯೇ ಅರ್ಜಿ ಹಾಕಿ.

ಯಾವ ಶಾಖೆ ಎಂದು ನೀವು ಬರೆದಿಲ್ಲ. ಕಂಪ್ಯೂಟರ್ ಸೈನ್ಸ್ ಆದರೆ ಲ್ಯಾಬಿನ ಕೀಬೋರ್ಡುಗಳನ್ನು ನೋಡಿ. ಅಕ್ಷರ ಸವೆದು ಮಾಸಿದ್ದರೆ ಒಳ್ಳೆಯದು, ಮಿರಿಮಿರಿ ಮಿಂಚುತ್ತಿದ್ದರೆ ಅನುಮಾನಿಸಿ. ಸಿವಿಲ್ ಆದರೆ ಕಾಂಕ್ರೀಟ್ ಲ್ಯಾಬಿನ ಹಿಂಬದಿಗೆ ಹೋಗಿ. ಬಲ ಪರೀಕ್ಷೆಗೆ 150 ಮಿಲಿಮೀಟರಿನ ಘನಗಳನ್ನು ಎರಕ ಹೊಯ್ದು, ನೀರಿನಲ್ಲಿ 28 ದಿನ ನೆನೆಸಿ, ಯಂತ್ರಕ್ಕೆ ಕೊಟ್ಟು ಒಡೆಯುತ್ತಾರೆ. ಒಡೆದದ್ದನ್ನು ದೂರ ಒಯ್ದು ಎಸೆಯುವಷ್ಟು ವ್ಯವಧಾನ ಯಾರಿಗೂ ಇರುವುದಿಲ್ಲ, ಗೋಡೆಯ ಪಕ್ಕದಲ್ಲೇ ರಾಶಿ ಬಿದ್ದಿರುತ್ತದೆ. ಆ ರಾಶಿ ಎಷ್ಟು ಎತ್ತರವಿದೆ ಎಂದು ನೋಡಿಕೊಂಡು ಬಂದು ಇಲ್ಲಿ ಬರೆಯಿರಿ. ಕ್ರಮಸಂಖ್ಯೆಯ ವಿಷಯ ಆಗ ಮಾತನಾಡೋಣ. ಮೆಕ್ಯಾನಿಕಲ್ ಆದರೆ ಬಿಳಿ ಅಂಗಿ ಹಾಕಿಕೊಂಡು ಹೋಗಿ, ಜೊತೆಗೆ ಊರಿನ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋಗಿ.