ಬೆಂಗಳೂರು ಬಿಟ್ಟು ಮೂಡಿಗೆರೆ ಹತ್ತಿರದ ಊರಿಗೆ ವಾಪಸಾಗ್ತಿದ್ದೇವೆ, ಮಕ್ಕಳನ್ನು ಯಾವ ಶಾಲೆಗೆ ಸೇರಿಸೋದು?

ಮಗಳದ್ದು ಸಿಬಿಎಸ್‌ಇಯಲ್ಲಿ ಮೂರನೇ ಕ್ಲಾಸ್ ಮುಗೀತಿದೆ, ಮಗ ಒಂದನೇ ಕ್ಲಾಸಿಗೆ, ಸಿಲೆಬಸ್ ಯಾವುದು ಒಳ್ಳೇದು ಅಂತ ಕೇಳಿದ್ದೀರಿ. ನಾನು ಪಕ್ಕದ ಸಕಲೇಶಪುರ ತಾಲ್ಲೂಕಿನವನು. ನಮ್ಮ ಕಡೆ ಸಿಲೆಬಸ್ಸಿಗಿಂತ ಮೊದಲು ನೋಡಬೇಕಾದ್ದು ದಾರಿ. ಮೂಡಿಗೆರೆಯಿಂದ ಚಿಕ್ಕಮಗಳೂರಿಗೇ ಸುಮಾರು 30 ಕಿಲೋಮೀಟರ್, ತೋಟದಿಂದ ಮೇನ್ ರೋಡಿಗೆ ಬರೋದು ಬೇರೆ. ಜುಲೈ ಮಳೆಯಲ್ಲಿ, ಅದೂ ಆನೆ ಓಡಾಡೋ ಜಾಗದಲ್ಲಿ, ಬೆಳಕು ಹರಿಯೋ ಹೊತ್ತಿಗೆ ಆರು ವರ್ಷದ ಮಗುವನ್ನು ವ್ಯಾನಿಗೆ ಕಾಯಿಸಿ ನಿಲ್ಲಿಸೋದು ನನಗಂತೂ ಒಪ್ಪಿಗೆ ಇಲ್ಲ.

ಮಗನನ್ನು ಊರಿನ ಸರ್ಕಾರಿ ಶಾಲೆಗೇ ಹಾಕಿ ಅಂತೀನಿ. ಜೂನ್ 1ಕ್ಕೆ 6 ವರ್ಷ ತುಂಬಿದೆಯಾ ನೋಡ್ಕೊಳ್ಳಿ. ಸೇರಿಸೋ ಮುಂಚೆ ಒಂದು ಕೆಲಸದ ದಿನ ಹನ್ನೊಂದು ಗಂಟೆ ಹೊತ್ತಿಗೆ ಸುಮ್ಮನೆ ಹೋಗಿ ಬನ್ನಿ. ಮಕ್ಕಳೆಷ್ಟು, ಕಾಯಂ ಮೇಷ್ಟ್ರು ಎಷ್ಟು ಜನ, ಅತಿಥಿ ಶಿಕ್ಷಕರ ಮೇಲೇ ಶಾಲೆ ನಡೀತಿದೆಯಾ, ಮೂರನೇ ಕ್ಲಾಸಿನ ಹುಡುಗ ಕನ್ನಡ ತಡವರಿಸದೆ ಓದ್ತಾನಾ ನೋಡಿ. ಐದೂ ತರಗತಿಗೆ ಒಬ್ಬರೇ ಟೀಚರ್ ಇದ್ದರೆ ನನ್ನ ಮಾತು ಬಿಟ್ಟುಬಿಡಿ, ಹೋಬಳಿಯ ದೊಡ್ಡ ಶಾಲೆಯನ್ನೋ ಕರ್ನಾಟಕ ಪಬ್ಲಿಕ್ ಸ್ಕೂಲನ್ನೋ ವಿಚಾರಿಸಿ. ಎರಡನೆಯದರಲ್ಲಿ ಪಿಯುಸಿವರೆಗೂ ಒಂದೇ ಕಡೆ ಓದಬಹುದು.

ಹಳ್ಳಿ ಶಾಲೆಯ ಇನ್ನೊಂದು ಲಾಭ ಬೆಂಗಳೂರಿನವರಿಗೆ ಹೊಳೆಯೋದೇ ಇಲ್ಲ. ಒಂದರಿಂದ ಹತ್ತರವರೆಗೆ ಗ್ರಾಮೀಣ ಪ್ರದೇಶದಲ್ಲೇ ಓದಿದವರಿಗೆ ಸಿಇಟಿ (ಎಂಜಿನಿಯರಿಂಗ್‌ನಂಥ ಕೋರ್ಸುಗಳ ರಾಜ್ಯ ಪ್ರವೇಶ ಪರೀಕ್ಷೆ) ಸೀಟಲ್ಲಿ 15%, ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ 5% ಮೀಸಲು. ಕೆನೆಪದರದ ಷರತ್ತು (ಅನುಕೂಲಸ್ಥರಿಗೆ ಮೀಸಲು ಇಲ್ಲ ಅನ್ನೋದು) ನಿಮಗೆ ಅನ್ವಯಿಸುತ್ತಾ ಅಂತ ಮೊದಲೇ ನೋಡ್ಕೊಳ್ಳಿ. ಮೂಡಿಗೆರೆ ಪಟ್ಟಣದ ಕಾನ್ವೆಂಟಿಗೆ ಹಾಕಿದ್ರೆ ಗ್ರಾಮೀಣ ಮೀಸಲು ಹೋಯ್ತು. ಮಗಳಿಗೆ ಅದು ಈಗಾಗಲೇ ತಪ್ಪಿದೆ.

ಅವಳಿಗೆ ನಿಜವಾದ ಕವಲು ಬರೋದು ಆರನೇ ಕ್ಲಾಸಲ್ಲಿ. ನವೋದಯ (ಕೇಂದ್ರ ಸರ್ಕಾರದ ವಸತಿ ಶಾಲೆ), ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ (ಇವೆರಡೂ ರಾಜ್ಯದ ವಸತಿ ಶಾಲೆಗಳು), ಆದರ್ಶ ವಿದ್ಯಾಲಯ, ಎಲ್ಲಕ್ಕೂ ಆರನೇ ಕ್ಲಾಸಿಗೆ ಸೇರೋಕೆ ಪ್ರವೇಶ ಪರೀಕ್ಷೆ ಇದೆ. ನಿಮ್ಮ ಜಿಲ್ಲೆಯ ನವೋದಯ ಬಾಳೆಹೊನ್ನೂರು ಹತ್ತಿರದ ಸೀಗೋಡಲ್ಲಿದೆ. ಪರೀಕ್ಷೆ ಬರೆಯುವಾಗ ಐದನೇ ಕ್ಲಾಸನ್ನು ಅದೇ ಜಿಲ್ಲೆಯಲ್ಲಿ ಓದ್ತಿರಬೇಕು, ಪರೀಕ್ಷೆ ಬರೆಯೋ ಅವಕಾಶ ಒಂದೇ ಸಲ. 80 ಪ್ರಶ್ನೆ, ಎರಡು ಗಂಟೆ, ಕನ್ನಡದಲ್ಲೂ ಬರೀಬಹುದು. ಅರ್ಧದಷ್ಟು ಪ್ರಶ್ನೆ ಮಾನಸಿಕ ಸಾಮರ್ಥ್ಯದ್ದು, ಉಳಿದದ್ದು ಗಣಿತ ಮತ್ತು ಭಾಷೆ. ಆದರೆ ಒಂದು ತೊಡಕಿದೆ: 75% ಗ್ರಾಮೀಣ ಸೀಟಿಗೆ ಮೂರು, ನಾಲ್ಕು, ಐದನೇ ಕ್ಲಾಸ್ ಪೂರ್ತಿ ಹಳ್ಳಿ ಶಾಲೆಯಲ್ಲೇ ಆಗಿರಬೇಕು. ಅವಳ ಮೂರನೇ ಕ್ಲಾಸ್ ಬೆಂಗಳೂರಲ್ಲಾಯ್ತಲ್ಲ, ಉಳಿದ ಸೀಟುಗಳಿಗೇ ಪೈಪೋಟಿ ಮಾಡಬೇಕು. ಬರೆಸಿ, ಆದರೆ ಅದನ್ನೇ ನಂಬಿ ಕೂರಬೇಡಿ. ಹತ್ತು ವರ್ಷದ ಮಗು ಹಾಸ್ಟೆಲ್ಲಲ್ಲಿ ಇರುತ್ತಾ ಅನ್ನೋದನ್ನ ಅವಳನ್ನೇ ಕೇಳಿ, ಅಜ್ಜಿಯನ್ನಲ್ಲ.

ಅಲ್ಲಿವರೆಗೆ ನಾಲ್ಕು, ಐದಕ್ಕೆ ಹತ್ತಿರದ ಯಾವ ಶಾಲೆಯಾದರೂ ನಡೆಯುತ್ತೆ. ಸಿಬಿಎಸ್‌ಇ ಮಗುವಿಗೆ ಕನ್ನಡ ಬರವಣಿಗೆ ಸ್ವಲ್ಪ ಹಿಂದಿರಬಹುದು, ಬೇಸಿಗೆ ರಜೆಯಲ್ಲಿ ದಿನಾ ಒಂದು ಪುಟ ಬರೆಸಿ.

ಆರ್‌ಟಿಇ ಸೀಟು (ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಯಲ್ಲಿ ಸಿಗೋ ಉಚಿತ ಸೀಟು) ಕೇಳಿದ್ದೀರಿ. 2019ರಿಂದ ನಮ್ಮ ರಾಜ್ಯದಲ್ಲಿ ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯಲ್ಲಿ ಅದು ಸಿಗೋದಿಲ್ಲ, ಹಾಗಾಗಿ ಆಸೆ ಬಿಡಿ. ಮನೆಯಲ್ಲೇ ಓದಿಸಿ ಎನ್‌ಐಒಎಸ್‌ನಲ್ಲಿ (ರಾಷ್ಟ್ರೀಯ ಮುಕ್ತ ಶಾಲೆ) ಹತ್ತನೇ ಕ್ಲಾಸ್ ಬರೆಸೋರೂ ಇದ್ದಾರೆ, ಅದಕ್ಕೆ ಮನೆಯಲ್ಲಿ ಒಬ್ಬರು ಪೂರ್ತಿ ಬಿಡುವಾಗಿರಬೇಕು. ಕಾಫಿ ಕೊಯ್ಲಿನಲ್ಲಿ ಅಷ್ಟು ಬಿಡುವು ಯಾರಿಗಿರುತ್ತೆ ಹೇಳಿ.

ಬೆಂಗಳೂರು ಬಿಡೋ ಮುಂಚೆ ಟಿಸಿ ಜೊತೆಗೆ ಸ್ಯಾಟ್ಸ್ ನಂಬರ್ (ಶಿಕ್ಷಣ ಇಲಾಖೆ ಪ್ರತಿ ಮಗುವಿಗೆ ಕೊಡೋ ದಾಖಲೆ ಸಂಖ್ಯೆ) ತಗೊಳ್ಳಿ. ಇಲ್ಲೂ ಪ್ರತಿ ಶಾಲೆ ಬಿಡುವಾಗ ಮುಂದೆ ಮೀಸಲು ಕೇಳೋಕೆ ಬೇಕಾಗೋ ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಹಾಕಿಸಿಟ್ಟುಕೊಳ್ಳಿ. ಮಕ್ಕಳಿಲ್ಲದೆ ಶಾಲೆ ಮುಚ್ಚಿದ ಮೇಲೆ ಹಳೇ ದಾಖಲೆ ಹುಡುಕೋದು ದೊಡ್ಡ ಗೋಳು.