ಯಾರ ಹೊಟ್ಟೆಗೆ ಹೊಡೆಯುತ್ತದೆ ಈ ನಿರ್ಬಂಧ?

ಬ್ರಹ್ಮಾವರದಿಂದ ನಿವೃತ್ತ ಮಾಷ್ಟ್ರೊಬ್ಬರು ಬರೆದಿದ್ದಾರೆ: "ಮ್ಯಾನ್ಮಾರ್ ಸೇನೆಯ ಮೇಲೆ ಹಣ, ವ್ಯಾಪಾರದ ನಿರ್ಬಂಧ ಬಿಗಿಯಾಗಬೇಕು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ದೊಡ್ಡ ದೇಶಗಳು ನಿರ್ಬಂಧ ಹಾಕುತ್ತವೆ, ಉಪವಾಸ ಬೀಳುವುದು ಬಡವರು. ಆಳುವವರ ಬಟ್ಟಲಲ್ಲಿ ಒಂದು ತುತ್ತೂ ಕಡಿಮೆಯಾಗುವುದಿಲ್ಲ. ಮಗನ ಹೊಸ ಮನೆಯ ದಾರಂದಕ್ಕೆ ಮರ ನೋಡಲು ಉಡುಪಿಗೆ ಹೋಗಿದ್ದೆ. ಬರ್ಮಾ, ಅಂದರೆ ಅದೇ ಮ್ಯಾನ್ಮಾರ್‌ನ ಸಾಗುವಾನಿ ಬೇಕಾದಷ್ಟಿದೆ ಎಂದರು. ಹಾಗಾದರೆ ನಿರ್ಬಂಧದಿಂದ ಏನು ಉಪಯೋಗ?"

ಮಾಷ್ಟ್ರೇ, ನಿಮ್ಮ ಮಾತಿನಲ್ಲಿ ಅರ್ಧ ನಾನು ಒಪ್ಪುತ್ತೇನೆ. ಆ ಅರ್ಧವನ್ನೇ ಮೊದಲು ಹೇಳುತ್ತೇನೆ.

1990ರ ಆಗಸ್ಟ್ 2ರಂದು ಇರಾಕ್ ಕುವೈಟಿಗೆ ನುಗ್ಗಿತು. ನಾಲ್ಕೇ ದಿನದಲ್ಲಿ ವಿಶ್ವಸಂಸ್ಥೆ ಅವೆರಡರ ಜತೆಗಿನ ವ್ಯಾಪಾರವನ್ನೆಲ್ಲ ಬಂದ್ ಮಾಡಿಸಿತು. ಆಗ ನಮ್ಮ ಕರಾವಳಿಯ ಎಷ್ಟು ಮನೆಯ ಮಕ್ಕಳು ಅಲ್ಲಿದ್ದರು ಎಂದು ನಿಮಗೆ ಹೇಳಬೇಕಾಗಿಲ್ಲ. ಮಂಗಳೂರಿನಲ್ಲಿ ನಮ್ಮ ಪಕ್ಕದ ಮನೆಯ ಹುಡುಗನೂ ಇದ್ದ. ಅಲ್ಲಿ ಸಿಕ್ಕಿಬಿದ್ದ ಭಾರತೀಯರಿಗೆ ಹಡಗಿನಲ್ಲಿ ಆಹಾರ ಕಳಿಸಲಿಕ್ಕೂ ನಮ್ಮ ಸರಕಾರ ವಿಶ್ವಸಂಸ್ಥೆಯ ಸಮಿತಿಯ ಒಪ್ಪಿಗೆ ಪಡೆಯಬೇಕಾಯಿತು. ಹುಡುಗ ಜೋರ್ಡಾನಿನ ಅಮ್ಮಾನ್ ದಾರಿಯಾಗಿ ಮುಂಬಯಿಗೆ ಬಂದು, ಅಲ್ಲಿಂದ ಬಸ್ಸು ಹಿಡಿದು ಮನೆ ಸೇರಿದ. ಚೀಲದಲ್ಲಿ ಎರಡು ಅಂಗಿ, ಒಣಗಿ ಹಪ್ಪಳದಂತಾದ ಅರ್ಧ ಕುಬ್ಬೂಸ್ (ಅರಬರ ರೊಟ್ಟಿ). "ದಾರಿಗೆ ಇರಲಿ ಅಂತ ಇಟ್ಟುಕೊಂಡಿದ್ದೆ" ಎಂದ. ಅದನ್ನು ಬಿಸಾಡಲು ಅವನ ಅಮ್ಮ ಬಿಡಲೇ ಇಲ್ಲ.

ಅವನು ಪಾರಾಗಿ ಬಂದ. ಇರಾಕಿನ ಜನ ಎಲ್ಲಿಗೆ ಹೋಗಬೇಕು? ಆ ನಿರ್ಬಂಧ 2003ರ ತನಕ ಎಳೆಯಿತು. ನೀರು ಶುದ್ಧ ಮಾಡುವ ಕ್ಲೋರಿನ್ ತರಿಸಲಿಕ್ಕೂ ಅಡ್ಡಿ. ದೇಶ ಆಳುತ್ತಿದ್ದ ಸದ್ದಾಂ ಮಾತ್ರ ಅರಮನೆ ಕಟ್ಟಿಸುತ್ತಲೇ ಇದ್ದರು. ಅಲ್ಲಿ ವಿಶ್ವಸಂಸ್ಥೆಯ ನೆರವಿನ ಕೆಲಸ ನೋಡಿಕೊಳ್ಳುತ್ತಿದ್ದ ಡೆನಿಸ್ ಹ್ಯಾಲಿಡೇ 1998ರಲ್ಲಿ ಇದನ್ನು ತಡೆಯಲಾರದೆ ರಾಜೀನಾಮೆ ಕೊಟ್ಟು ಹೊರಬಂದರು. ಇಡೀ ದೇಶದ ಹೊಟ್ಟೆಗೆ ಹೊಡೆಯುವ ಇಂಥ ನಿರ್ಬಂಧವನ್ನು ನಾನು ಯಾವತ್ತೂ ಸಮರ್ಥಿಸುವುದಿಲ್ಲ.

ಆದರೆ ದಕ್ಷಿಣ ಆಫ್ರಿಕಾವನ್ನು ಮರೆಯಬೇಡಿ. ಬಿಳಿಯರಲ್ಲದವರನ್ನು ತುಳಿಯುತ್ತಿದ್ದ ಅಲ್ಲಿನ ಬಿಳಿಯರ ಸರಕಾರದ ಜತೆ ವ್ಯಾಪಾರ ಕಡಿದುಕೊಂಡ ಮೊದಲ ದೇಶ ನಮ್ಮದು, 1946ರಲ್ಲಿ. ನಮಗೆ ಆಗಿನ್ನೂ ಸ್ವಾತಂತ್ರ್ಯವೇ ಬಂದಿರಲಿಲ್ಲ! ನಮ್ಮ ರಫ್ತಿನಲ್ಲಿ ಸುಮಾರು ಶೇ. 5ರಷ್ಟು ಆ ದೇಶಕ್ಕೆ ಹೋಗುತ್ತಿತ್ತು. ಆ ನಷ್ಟವನ್ನು ನಾವು ನುಂಗಿಕೊಂಡೆವು. 1974ರಲ್ಲಿ ಟೆನಿಸ್‌ನ ಡೇವಿಸ್ ಕಪ್ ಫೈನಲ್ ತಲುಪಿದ್ದೆವು, ಎದುರಾಳಿ ದಕ್ಷಿಣ ಆಫ್ರಿಕಾ. ಆಡುವುದಿಲ್ಲ ಎಂದು ಕಪ್ಪನ್ನೇ ಬಿಟ್ಟುಕೊಟ್ಟೆವು. ಅಮೆರಿಕ ಗಟ್ಟಿ ಕಾನೂನು ಮಾಡಿದ್ದು 1986ರಲ್ಲಿ, ಅದೂ ಅಧ್ಯಕ್ಷ ರೇಗನ್ ವೀಟೊ ಹಾಕಿದ ಮೇಲೆ ಸಂಸತ್ತು ಪಟ್ಟು ಹಿಡಿದು. 1990ರ ಫೆಬ್ರವರಿಯಲ್ಲಿ ಮಂಡೇಲಾ ಜೈಲಿನಿಂದ ಹೊರಬಂದರು. ಇದು ನಿರ್ಬಂಧ ಒಂದರಿಂದಲೇ ಆಯಿತು ಎನ್ನುವುದಿಲ್ಲ. ಬೀದಿಗಿಳಿದು ಪ್ರಾಣ ಕೊಟ್ಟವರು ಅಲ್ಲಿನ ಜನ. ಆದರೆ ಹೊರಗಿನಿಂದ ಹಣ, ಆಯುಧ, ಗೌರವ ಎಲ್ಲ ನಿಂತದ್ದು ಅವರಿಗೆ ದೊಡ್ಡ ಬಲವಾಯಿತು.

ಅಲ್ಲಿಗೂ ಇರಾಕಿಗೂ ಏನು ವ್ಯತ್ಯಾಸ? ನನಗೆ ಕಾಣುವುದು ಒಂದೇ. ದಕ್ಷಿಣ ಆಫ್ರಿಕಾದಲ್ಲಿ, ನಮ್ಮ ದೇಶದ ಸರಕು ಕೊಳ್ಳಬೇಡಿ ಎಂದು ಹೊರಗಿನವರನ್ನು ಕೇಳಿಕೊಂಡವರು ಪೆಟ್ಟು ತಿನ್ನುತ್ತಿದ್ದ ಜನರೇ. 1959ರಲ್ಲಿ ಅಲ್ಲಿನ ಕರಿಯರ ನಾಯಕ ಆಲ್ಬರ್ಟ್ ಲುಟುಲಿ ಮತ್ತು ಅವರ ಜತೆಗಾರರು ಬ್ರಿಟನ್ನಿನ ಜನರಿಗೆ ಮಾಡಿದ ಮನವಿಯ ಸಾರ ಹೀಗಿತ್ತು: ಇದರಿಂದ ನಮಗೂ ಕಷ್ಟ ಆಗುತ್ತದೆ, ಆದರೆ ರಕ್ತ ಹರಿಯುವ ದಿನಗಳು ಕಡಿಮೆಯಾಗುವುದಾದರೆ ಆ ಕಷ್ಟ ನಾವು ಹೊರುತ್ತೇವೆ. ಇರಾಕಿನ ತಾಯಂದಿರನ್ನು ಯಾರೂ ಕೇಳಲಿಲ್ಲ.

ಈಗ ಮ್ಯಾನ್ಮಾರ್‌ಗೆ ಬರುತ್ತೇನೆ. 2021ರ ಫೆಬ್ರವರಿ 1ರಂದು ಸೇನೆ ಅಧಿಕಾರ ಕಿತ್ತುಕೊಂಡಿತು. ಸೇನೆಗೆ ಹೋಗುವ ದುಡ್ಡು ನಿಲ್ಲಿಸಿ ಎಂದು ಬೇಡಿಕೊಂಡವರು ಅಲ್ಲಿನ ಜನರೇ. ಅದೇ ವರ್ಷ ಅಮೆರಿಕ, ಯುರೋಪಿಯನ್ ಒಕ್ಕೂಟ ಎರಡೂ 'ಮ್ಯಾನ್ಮಾ ಟಿಂಬರ್ ಎಂಟರ್‌ಪ್ರೈಸ್' ಎಂಬ ಸರಕಾರಿ ಸಂಸ್ಥೆಯ ಮೇಲೆ ನಿರ್ಬಂಧ ಹಾಕಿದವು. ಅಲ್ಲಿ ಕಾನೂನು ಪ್ರಕಾರ ಮಾರುವ ಸಾಗುವಾನಿಯೆಲ್ಲ ಈ ಸಂಸ್ಥೆಯ ಕೈದಾಟಿಯೇ ಬರಬೇಕು. ಅನ್ನಕ್ಕಲ್ಲ, ಔಷಧಿಗಲ್ಲ, ಸೇನೆಯ ಹಿಡಿತದಲ್ಲಿರುವ ಹಣದ ಪೆಟ್ಟಿಗೆಗೆ ಬೀಗ. ನಾನು ಬಿಗಿಯಾಗಬೇಕು ಎಂದದ್ದು ಇಂಥದ್ದನ್ನು.

ಮತ್ತೆ ಉಡುಪಿಯಲ್ಲಿ ಆ ಮರ ಹೇಗೆ ಸಿಗುತ್ತದೆ? ಭಾರತ ಸಾಮಾನ್ಯವಾಗಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ನಿರ್ಬಂಧಗಳನ್ನಷ್ಟೇ ಪಾಲಿಸುತ್ತದೆ. ಮ್ಯಾನ್ಮಾರ್ ವಿಷಯದಲ್ಲಿ ಮಂಡಳಿ ಅಂಥದ್ದನ್ನು ಹಾಕಿಲ್ಲ. 2022ರ ಡಿಸೆಂಬರಿನಲ್ಲಿ ಹಿಂಸೆ ನಿಲ್ಲಿಸಿ ಎಂದು ಕೇಳುವ ಒಂದು ನಿರ್ಣಯ ಬಂತು. ಚೀನಾ, ರಷ್ಯಾ ಜತೆ ನಾವೂ ಮತ ಹಾಕದೆ ಕುಳಿತೆವು. ಗಡಿ, ಭದ್ರತೆ, ಚೀನಾದ ಭಯ, ಇವೆಲ್ಲ ಸುಮ್ನೆ ತಳ್ಳಿಹಾಕುವ ಮಾತಲ್ಲ. ಆದರೂ 1946ರಲ್ಲಿ ಅಷ್ಟು ಬಡವರಾಗಿದ್ದಾಗ ಮಾಡಿದ್ದನ್ನು ಈಗ ಮಾಡಲಾಗಲಿಲ್ಲ ಎಂಬುದು ನನ್ನನ್ನು ಚುಚ್ಚುತ್ತದೆ.

ಇನ್ನು ನಿಮ್ಮ ದಾರಂದ. ಬರ್ಮಾ ಮರ ಕೊಂಡರೆ ಇಲ್ಲಿ ಕಾನೂನಿನ ತಪ್ಪೇನೂ ಇಲ್ಲ. ಅಂಗಡಿಯವರು ಬರ್ಮಾ ಎಂದು ಮಾರುವುದೆಲ್ಲ ಅಲ್ಲಿಂದಲೇ ಬಂದಿರಬೇಕೆಂದೂ ಇಲ್ಲ. ಮರ ಯಾವ ದೇಶದ್ದು, ಯಾವ ವರ್ಷ ಬಂದದ್ದು ಎಂದು ಒಂದು ಮಾತು ಕೇಳಿ, ಕಾಗದ ತೋರಿಸಲು ಹೇಳಿ. ನನ್ನನ್ನು ಕೇಳಿದರೆ ಹಲಸಿನ ಮರವೇ ಸಾಕು. ನಮ್ಮ ಅಜ್ಜನ ಮನೆಯ ದಾರಂದ ಹಲಸಿನದು. ಎಂಬತ್ತು ಮಳೆಗಾಲ ಕಂಡಿದೆ, ಒಂದು ಹುಳವೂ ಬಿದ್ದಿಲ್ಲ.

- ಸಂಪಾದಕ